ಆರಿಸಿದ ಟೀವಿಯ ಮುಂದೆ ಕೂರುತ್ತಿದ್ದವರು

ಮಕ್ಕಳೇ, ಹೋದ ತಿಂಗಳು ಭದ್ರಾವತಿಯಲ್ಲಿ ದೊಡ್ಡಜ್ಜನ ಮಣ್ಣು ಮುಗಿಸಿಕೊಂಡು ಶಿವಮೊಗ್ಗಕ್ಕೆ ವಾಪಸು ಬರುವಾಗ ಬಸ್ಸಿನಲ್ಲಿ ನೀವಿಬ್ಬರೂ ನನ್ನ ಹಿಂದಿನ ಸೀಟಿನಲ್ಲಿ ಪಿಸುಗುಟ್ಟುತ್ತಿದ್ದಿರಿ.

"ಆ ಅಜ್ಜ ಯಾವಾಗ್ಲೂ ಆಫ್ ಆಗಿರೋ ಟೀವಿ ಮುಂದೆ ಕೂತಿರ್ತಿದ್ರಲ್ಲ, ತಲೆ ಕೆಟ್ಟಿತ್ತಾ ಅವರಿಗೆ?"

"ಇಲ್ಲ ಕಣೇ. ಅದರೊಳಗೆ ಅವರಿಗೆ ದೆವ್ವ ಕಾಣ್ತಿತ್ತಂತೆ."

ಅಜ್ಜಿಗೆ ಕೇಳಿಸುವುದಿಲ್ಲ ಅಂದುಕೊಂಡಿರಿ. ಕೇಳಿಸಿತು. ನನಗೆ ಕೋಪವೇನೂ ಬರಲಿಲ್ಲ. ನೀವು ಹೇಳಿದ್ದು ಪೂರಾ ಸುಳ್ಳು ಅಂತಲೂ ಅನ್ನಿಸಲಿಲ್ಲ. ಆದರೆ ತಿರುಗಿ ಕೂತು ವಿವರಿಸಿ ಹೇಳಲು ನನ್ನಿಂದಾಗಲಿಲ್ಲ. ನಾಲ್ಕು ಜನ ಇದ್ದ ಕಡೆ ಬಾಯಿ ತೆರೆಯಬೇಕೆಂದರೆ ಈ ವಯಸ್ಸಿನಲ್ಲೂ ನನ್ನ ಕೈ ಸೆರಗಿನ ತುದಿಯನ್ನು ಹುಡುಕುತ್ತದೆ. ನಮ್ಮೂರ ಶಾಲೆಯಲ್ಲಿ ಕಲಿಸಿದ ಅಕ್ಷರ ಇನ್ನೂ ಕೈಬಿಟ್ಟಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ಅವರ ಹೆಸರು ಮಾತ್ರ ಬರೆಯುವುದಿಲ್ಲ. ಅವರು ನನ್ನ ಗಂಡನ ಅಣ್ಣ, ನನಗೆ ಭಾವ. ನಮ್ಮ ಕಡೆ ಹೆಂಗಸರು ಗಂಡನ ಹೆಸರನ್ನೂ ಭಾವನ ಹೆಸರನ್ನೂ ಹೇಳುತ್ತಿರಲಿಲ್ಲ. ಅದೇ ಹೆಸರಿನ ತರಕಾರಿಯವನೊಬ್ಬ ಬೀದಿಗೆ ಬರುತ್ತಿದ್ದ. ಅವನನ್ನೂ ನಾನು 'ಸೊಪ್ಪಿನಪ್ಪ' ಅಂತಲೇ ಕರೆದು ಕಾಲ ಹಾಕಿದೆ.

ಭಾವನವರು ಭದ್ರಾವತಿಯ ಒಂದು ಹೈಸ್ಕೂಲಿನಲ್ಲಿ ಡ್ರಿಲ್ ಮೇಷ್ಟ್ರಾಗಿದ್ದರು. ಬಿಳಿ ಪ್ಯಾಂಟು, ಸೀಮೆಸುಣ್ಣ ಬಳಿದ ಬಿಳಿ ಶೂ, ಹಣೆಯ ಮೇಲೆ ವಿಭೂತಿ, ಕೊರಳಲ್ಲಿ ವಿಶಲ್. ಮನೆಯಲ್ಲೂ ಅವರ ಮಾತು ಮೈದಾನದ ಆಚೆ ತುದಿಗೆ ಕೇಳಿಸುವ ಹಾಗೆಯೇ. ಸಾರಿಗೆ ಉಪ್ಪು ಬೇಕು ಅಂದರೆ ಪಕ್ಕದ ಮನೆಯವರು ತಮ್ಮ ಸಾರಿಗೊಮ್ಮೆ ನಾಲಗೆ ಹಚ್ಚಿ ನೋಡಿಕೊಳ್ಳಬೇಕು, ಅಷ್ಟು ಜೋರು. ಯಾರಾದರೂ ಬಗ್ಗಿ ಕೂತರೆ ಅವರಿಗೆ ಸಹಿಸುತ್ತಿರಲಿಲ್ಲ. "ಬೆನ್ನು!" ಅನ್ನುವರು. ಅಷ್ಟೇ, ಒಂದೇ ಮಾತು. ಸಂತೆಯಲ್ಲಿ ಆಲೂಗಡ್ಡೆ ತೂಗುತ್ತಿದ್ದ ಗಡ್ಡದ ಮನುಷ್ಯ ಆ ಒಂದು ಮಾತಿಗೆ ತಕ್ಕಡಿ ಬಿಟ್ಟು ನೆಟ್ಟಗೆ ನಿಂತದ್ದನ್ನು ನಾನೇ ನೋಡಿದ್ದೇನೆ. ಹಳೇ ಶಿಷ್ಯನಂತೆ.

ನಿಮ್ಮ ಅಜ್ಜ ತೀರಿಕೊಂಡ ದಿನ ಬಂದವರೆಲ್ಲ ನನಗೆ ಏನೇನೋ ಸಮಾಧಾನ ಹೇಳಿದರು. ಭಾವನವರು ಅಂಗಳದಲ್ಲೇ ನಿಂತಿದ್ದರು. ಕೊನೆಗೆ ತಮ್ಮ ಹೆಂಡತಿಯನ್ನು ಕರೆದು, "ಅವಳಿಗೆ ಹೇಳು, ಬೆನ್ನು ನೆಟ್ಟಗೆ ಮಾಡ್ಕೊಂಡು ಕೂತ್ಕೊಳ್ಳಲಿ" ಅಂದರು. ಆಗ ನನಗೆ ಎಂಥಾ ಕಲ್ಲು ಮನುಷ್ಯ ಅನ್ನಿಸಿತ್ತು. ಅವರ ಹತ್ತಿರ ಕೊಡಲು ಇದ್ದದ್ದೇ ಅದೊಂದು ಅಂತ ತಿಳಿಯಲು ನನಗೆ ವರ್ಷಗಳು ಬೇಕಾದವು.

ನನ್ನ ಓರಗಿತ್ತಿಯ ಮೂಲಕವೇ ಯಾಕೆ ಹೇಳಿಸಿದರು ಅಂದರೆ, ನಾವಿಬ್ಬರೂ ನೇರವಾಗಿ ಮಾತಾಡುತ್ತಲೇ ಇರಲಿಲ್ಲ. ತಮ್ಮನ ಹೆಂಡತಿ ಭಾವನ ಎದುರು ನಿಲ್ಲಬಾರದು, ಮುಖಕ್ಕೆ ಮುಖ ಕೊಟ್ಟು ಮಾತಾಡಬಾರದು ಅಂತ ನನ್ನನ್ನು ಬೆಳೆಸಿದ್ದರು. ಒಂದೇ ಕೋಣೆಯಲ್ಲಿದ್ದರೂ, "ಕಾಫಿಗೆ ಸಕ್ಕರೆ ಸಾಲದು ಅಂತ ಹೇಳು" ಅನ್ನುವರು ಅವರು. ಅಕ್ಕ ನನ್ನ ಕಡೆ ತಿರುಗಿ, "ಸಕ್ಕರೆ ಸಾಲದಂತೆ ಮಾರಾಯ್ತಿ. ಕೇಳಿಸ್ತಾ, ಇಲ್ಲ ಮೈಕ್ ತರಿಸ್ಲಾ?" ಅಂತ ನಗುವಳು. ಓರಗಿತ್ತಿಯನ್ನು ನಾನು ಅಕ್ಕ ಅಂತಲೇ ಕರೆಯುತ್ತಿದ್ದೆ. ಒಡಹುಟ್ಟಿದವಳಿಗಿಂತ ಹೆಚ್ಚಾಗಿದ್ದಳು.

ಅಕ್ಕ ಬಹಳ ಚೆಲುವೆ. ಅದು ಅವಳಿಗೂ ಚೆನ್ನಾಗಿ ಗೊತ್ತಿತ್ತು. ಊಟಕ್ಕೆ ಕೂತರೆ ತೊಳೆದ ಸ್ಟೀಲ್ ತಟ್ಟೆಯಲ್ಲಿ ಒಮ್ಮೆ ಮುಖ ನೋಡಿಕೊಂಡೇ ಅನ್ನ ಹಾಕಿಸಿಕೊಳ್ಳುವಳು. ಊರೆಲ್ಲ ಹೆದರುತ್ತಿದ್ದ ಡ್ರಿಲ್ ಮೇಷ್ಟ್ರು ಅವಳೆದುರು ಮಾತ್ರ ತಗ್ಗಿದ ದನಿಯಲ್ಲಿ ಮಾತಾಡುತ್ತಿದ್ದರು. ಶಾಲೆಯಿಂದ ಬಂದವರು ಶೂ ಬಿಚ್ಚುವ ಮೊದಲು ಅಡುಗೆಮನೆಗೆ ಬಂದು ಅವಳ ಮುಖವನ್ನು ಒಂದು ಸಲ ನೋಡಿ ಹೋಗುವರು. ಮಾತಿಲ್ಲ, ಏನಿಲ್ಲ. ನೋಡಿ ಹೋಗುವರು.

ಆ ಮುಖಕ್ಕೆ ಸ್ಟ್ರೋಕ್ ಹೊಡೆಯಿತು.

ಶಿವಮೊಗ್ಗದ ಆಸ್ಪತ್ರೆಯಿಂದ ಅವಳನ್ನು ಮನೆಗೆ ಕರೆತಂದಾಗ ಎಡಗಡೆ ಕೆನ್ನೆ, ಎಡ ಕಣ್ಣು, ತುಟಿಯ ತುದಿ ಎಲ್ಲಾ ಕೆಳಗೆ ಜಾರಿದ್ದವು. ಎಡಗೈ ಎಡಗಾಲು ಸ್ವಾಧೀನದಲ್ಲಿರಲಿಲ್ಲ. ಮಾತು ತೊದಲಾದರೂ ತಿಳಿಯುತ್ತಿತ್ತು. ಮಗ ಲೋಕೇಶ, ಸೊಸೆ ಸುಮಾ ಇಬ್ಬರೂ ಅಲ್ಲೇ ಭದ್ರಾವತಿಯಲ್ಲಿ ಕೆಲಸಕ್ಕೆ ಹೋಗುವವರು. ಹಗಲು ನೋಡಿಕೊಳ್ಳಲು ಒಬ್ಬರು ಬೇಕಿತ್ತು, ನಾನು ಹೋಗಿ ನಿಂತೆ. ಮಲಗುವ ಕೋಣೆ ಕತ್ತಲು, ಗಾಳಿ ಬೆಳಕು ಬೇಕು ಅಂತ ಡಾಕ್ಟರು ಹೇಳಿದ್ದರಿಂದ ಮಂಚವನ್ನು ಹಾಲಿಗೆ ತಂದು ಗೋಡೆಗೆ ತಾಗಿಸಿ ಹಾಕಿದರು. ಆ ಹಾಲಿಗೆ ಮೂರು ದೊಡ್ಡ ಕಿಟಕಿ. ಬೆಳಗಾದರೆ ಅಡ್ಡ ಬಿಸಿಲು ನೇರ ಮಂಚದ ಮೇಲೆ ಬೀಳುತ್ತಿತ್ತು.

ಮೊದಲನೇ ದಿನವೇ, ಭಾವನವರು ಮಂಚದ ಹತ್ತಿರ ಬಂದು ಬಗ್ಗಿದಾಗ, ಅಕ್ಕ ಬಲಗೈಯಿಂದ ಸೆರಗೆಳೆದು ಮುಖ ಮುಚ್ಚಿಕೊಂಡಳು.

"ಈ ಮುಖ ನೀವು ನೋಡಕೂಡದು."

"ಏನಾಯ್ತೀಗ? ಸರಿಹೋಗುತ್ತೆ ಅಂದಿದಾರೆ."

"ನೋಡಕೂಡದು. ನೋಡಿದ್ರೆ ನನ್ನಾಣೆ."

ನಿಮಗೆ ಇದು ಅರ್ಥವಾಗುತ್ತದೋ ಇಲ್ಲವೋ. ಒಬ್ಬರು ತಮ್ಮ ಮೇಲೆ ಆಣೆ ಇಟ್ಟುಕೊಂಡು ಹೇಳಿದ ಮಾತನ್ನು ಇನ್ನೊಬ್ಬರು ಮೀರಿದರೆ, ಕೇಡು ಆಣೆ ಇಟ್ಟವರಿಗೇ ತಗಲುತ್ತದೆ ಅಂತ ನಂಬಿಕೆ. ಶಾಲೆಯಲ್ಲಿ ಯಾವ ಹುಡುಗನಾದರೂ "ದೇವರಾಣೆ ಸಾರ್" ಅಂದರೆ ಭಾವನವರು ಅವನನ್ನು ಮೈದಾನ ಸುತ್ತಿಸುತ್ತಿದ್ದರು. ಅಂಥವರು ಅವತ್ತು ಬಗ್ಗಿದ ಬೆನ್ನನ್ನು ನೆಟ್ಟಗೆ ಮಾಡಿ, ಹಿಂದೆ ತಿರುಗಿ, ಟೀವಿಯ ಎದುರಿದ್ದ ಕುರ್ಚಿಗೆ ಹೋಗಿ ಕೂತರು. ಮಂಚ ಅವರ ಬೆನ್ನ ಹಿಂದಾಯಿತು.

ಆಮೇಲೆ ಅವರು ನೀರು ಕೊಡಬೇಕಾದರೂ ಲೋಟ ಹಿಂದಕ್ಕೆ ಹಿಡಿದು, ಹಿಂದು ಹಿಂದಕ್ಕೇ ಹೆಜ್ಜೆ ಹಾಕುತ್ತಾ ಮಂಚದ ಹತ್ತಿರ ಹೋಗುತ್ತಿದ್ದರು. ನೀರು ಒಂದು ದಿನವೂ ತುಳುಕಲಿಲ್ಲ. ನೋಡಿ ನಗಬೇಕೋ ಅಳಬೇಕೋ ತಿಳಿಯದೆ ನಾನು ಒಳಗೆ ಹೋಗಿ ಪಾತ್ರೆ ಬೆಳಗುತ್ತಿದ್ದೆ. ಅವರಿಗೂ ನನಗೂ ನಡುವೆ ಮಾತು ಸಾಗಿಸುತ್ತಿದ್ದವಳು ಹಾಸಿಗೆ ಹಿಡಿದಿದ್ದರಿಂದ ಅವರು ಟೀವಿಗೇ ಹೇಳುವುದನ್ನು ರೂಢಿ ಮಾಡಿಕೊಂಡರು. "ಗಂಜಿ ಆಗಿದ್ಯೋ ಏನೋ" ಅಂತ ಟೀವಿಗೆ ಹೇಳುವರು. ನಾನು ಒಳಗಿನಿಂದ ಪಾತ್ರೆ ಸದ್ದು ಮಾಡಿ ಉತ್ತರ ಕೊಡುವೆ.

ಒಂದು ಬೆಳಿಗ್ಗೆ ಅಕ್ಕನಿಗೆ ಗಂಜಿ ಕುಡಿಸುತ್ತಿದ್ದವಳು ತಲೆಯೆತ್ತಿದೆ. ಎದುರಿಗೆ ಆ ಹಳೇ ಡಬ್ಬಾ ಟೀವಿ. ಅದರ ಉಬ್ಬು ಗಾಜಿನಲ್ಲಿ ಇಡೀ ಹಾಲು ಚಿಕ್ಕದಾಗಿ ಕಾಣುತ್ತಿತ್ತು, ಕಿಟಕಿ, ಮಂಚ, ಚಮಚ ಹಿಡಿದ ನಾನು. ನಮ್ಮೆಲ್ಲರ ಮುಂದೆ ಭಾವನವರ ಮುಖ. ಅವರ ಕಣ್ಣು ಟೀವಿಯ ವಾರ್ತೆಯ ಮೇಲಿರಲಿಲ್ಲ. ಆ ಗಾಜಿನ ಮೂಲೆಯಲ್ಲಿದ್ದ ಅಕ್ಕನ ಮುಖದ ಮೇಲಿತ್ತು. ಶೂ ಬಿಚ್ಚುವ ಮೊದಲು ಅಡುಗೆಮನೆಗೆ ಬಂದು ನೋಡುತ್ತಿದ್ದರಲ್ಲ, ಅದೇ ನೋಟ.

ನನ್ನ ಕೈಯ ಚಮಚ ಅಲ್ಲೇ ನಿಂತಿತು. ಇವರು ಆಣೆ ಮೀರುತ್ತಿದ್ದಾರೋ, ಕಾಪಾಡುತ್ತಿದ್ದಾರೋ? ಯಾರಿಗೂ ಹೇಳಲಿಲ್ಲ. ಅವತ್ತಿನಿಂದ ಆ ಗಾಜಿನ ಧೂಳನ್ನು ದಿನಾ ಒರೆಸತೊಡಗಿದೆ, ಅಷ್ಟೇ.

ಆ ಟೀವಿ ಕೆಟ್ಟಿತು. ಮೊದಲು ಬಣ್ಣ ಹೋಯಿತು, ಆಮೇಲೆ ಚಿತ್ರವೇ ಹೋಯಿತು, ಬರೀ ಮಾತು ಉಳಿಯಿತು. ಭಾವನವರು ಅದಕ್ಕೆ ಚಿಂತೆ ಮಾಡಲಿಲ್ಲ. ಲೋಕೇಶ, "ಇದನ್ನ ಎಕ್ಸ್‌ಚೇಂಜಿಗೆ ಕೊಟ್ಟು ಎಲ್‌ಸಿಡಿ ತರೋಣ, ಅಮ್ಮಂಗೂ ಹೊತ್ತು ಹೋಗುತ್ತೆ" ಅಂದಾಗ ಮಾತ್ರ ಅವರ ಮುಖ ಬಿಗಿಯಿತು.

ಎದುರು ಮನೆಯ ಲಾರಿ ಮೆಕಾನಿಕ್ ಸಾದಿಕ್ ಆಗ ತಾನೇ ಎಲ್‌ಸಿಡಿ ತಂದಿದ್ದ. ಭಾವನವರು ಬೆಳಿಗ್ಗೆ ಬೆಳಿಗ್ಗೆ ಅಲ್ಲಿಗೆ ಹೋದರಂತೆ. ಸಾದಿಕ್‌ನ ಹೆಂಡತಿ ಆಮೇಲೆ ನನಗೆ ಹೇಳಿದಳು. "ಮೇಷ್ಟ್ರು ಬಂದು ಕೂತ್ರು. ನಮ್ಮೋರು ರಿಮೋಟ್ ತಗೊಂಡ್ರೆ ಬೇಡ ಬೇಡ ಆನ್ ಮಾಡ್ಬೇಡ ಅಂತಾರೆ. ಸುಮ್ನೆ ಕರೀ ಪರದೆ ನೋಡಿದ್ರು, ಕುತ್ತಿಗೆ ಆಕಡೆ ಈಕಡೆ ಮಾಡಿದ್ರು, ಚಾಯ್ ಕೂಡ ಕುಡೀದೆ ಎದ್ದು ಹೋದ್ರು. ಹುಷಾರಿದಾರಲ್ವಾ ಅಮ್ಮಾ?"

ಮನೆಗೆ ಬಂದವರು ಲೋಕೇಶನಿಗೆ ಹೇಳಿದ್ದು ಇಷ್ಟೇ. "ಅದು ಆಗಲ್ಲ. ಬೂದಿ ಬಳಿದ ಹಾಗಿದೆ."

ಆ ಭಾನುವಾರ ಶಿವಮೊಗ್ಗದ ದುರ್ಗಿಗುಡಿಯಲ್ಲಿ ಒಂದು ದೊಡ್ಡ ಟೀವಿ ಅಂಗಡಿಗೆ ಹೋದೆವು. ಅಕ್ಕನ ಜೊತೆ ಸುಮಾ ಉಳಿದಳು. ನನಗೆ ಶಿವಮೊಗ್ಗದಲ್ಲಿ ಮನೆ ಕಡೆ ಹೋಗಿ ಬರುವುದಿತ್ತು, ಅದಕ್ಕೆ ಜೊತೆಗೆ ಹೋಗಿದ್ದೆ. ಗೋಡೆ ತುಂಬಾ ಟೀವಿಗಳು, ಎಲ್ಲದರಲ್ಲೂ ಒಂದೇ ಮೀನು ಈಜುತ್ತಿತ್ತು. ಅಂಗಡಿಯವನು ಮಾತುಗಾರ.

"ಸಾರ್, ಹಾಲ್‌ನಲ್ಲಿ ಬೆಳಕು ಹೇಗಿದೆ?"

"ಮೂರು ಕಿಟಕಿ. ಬೆಳಿಗ್ಗೆಯಿಂದ ಸಾಯಂಕಾಲದ ತನಕ ಬೆಳಕೇ ಬೆಳಕು," ಅಂದ ಲೋಕೇಶ.

"ಹಂಗಾದ್ರೆ ಯೋಚ್ನೆನೇ ಮಾಡ್ಬೇಡಿ, ಎಲ್‌ಸಿಡಿ ತಗೊಳ್ಳಿ. ಒಳಗಿಂದ ಲೈಟು ಜೋರಾಗಿ ಬರುತ್ತೆ, ಪರದೆ ಮಿಂಚಲ್ಲ, ಬಿಸಿಲಿದ್ರೂ ಚಿತ್ರ ಮಾಸಲ್ಲ. ಕರೆಂಟೂ ಕಡಿಮೆ. ಈ ಪಕ್ಕದ್ದು ಪ್ಲಾಸ್ಮಾ ಟೀವಿ, ಕೆಟ್ಟದ್ದು ಅಂತಲ್ಲ. ಕಪ್ಪು ಅಂದ್ರೆ ಕಪ್ಪು, ಬಣ್ಣ ಅಂದ್ರೆ ಬಣ್ಣ, ಕ್ರಿಕೆಟ್ ನೋಡೋರಿಗೆ ಅದೇ ಸೈ. ಆದ್ರೆ ಅದಕ್ಕೆ ಕತ್ತಲೆ ರೂಮ್ ಬೇಕು. ಮುಂದೆ ಗಾಜಿದೆ ನೋಡಿ, ಬೆಳಕಲ್ಲಿಟ್ರೆ ನಿಮ್ಮನೆ ಸಾಮಾನೆಲ್ಲಾ ಅದರಲ್ಲೇ ಕಾಣುತ್ತೆ."

"ಎಷ್ಟು ಚೆನ್ನಾಗಿ ಕಾಣುತ್ತೆ?" ಅಂದರು ಭಾವನವರು.

"ಏನು ಸಾರ್?"

"ಮನೆ ಸಾಮಾನು."

ಅಂಗಡಿಯವನು ಲೋಕೇಶನ ಮುಖ ನೋಡಿದ. ಲೋಕೇಶ ನೆಲ ನೋಡಿದ.

"ಎರಡನ್ನೂ ಆರಿಸಿ," ಅಂದರು ಭಾವನವರು.

"ಸಾರ್, ಟೀವಿ ಆರಿಸಿ ನೋಡೋದು ಅಂದ್ರೆ, ಹುಡುಗಿ ನೋಡೋಕೆ ಹೋಗಿ ಬಾಗಿಲು ನೋಡ್ಕೊಂಡು ಬಂದಂಗೆ."

"ಆರಿಸಿ!"

ಮೈದಾನದ ದನಿ. ಅವನ ಕೈ ತಾನಾಗೇ ಸ್ವಿಚ್ಚಿಗೆ ಹೋಯಿತು. ಭಾವನವರು ಪ್ಲಾಸ್ಟಿಕ್ ಕುರ್ಚಿ ಎಳೆದುಕೊಂಡು ಮೊದಲು ಎಲ್‌ಸಿಡಿಯ ಮುಂದೆ ಕೂತರು. "ಲೋಕೇಶ, ನಿಮ್ಮ ಚಿಕ್ಕಮ್ಮನಿಗೆ ಹೇಳು, ಅಲ್ಲಿ ಬಾಗಿಲ ಹತ್ರ ಸ್ಟೂಲಿದೆ, ಅದರ ಮೇಲೆ ಕೂತ್ಕೊಳ್ಳಲಿ. ಬೆಳಕಿಗೆ ಮುಖ ಮಾಡಿ."

ಬೀದಿ ಬೆಳಕು ಬೀಳುವಲ್ಲಿ, ಅಷ್ಟು ಜನರ ನಡುವೆ, ನಾನು ಹೋಗಿ ಕೂತೆ. ಕೈ ಸೆರಗಿನ ತುದಿ ಹಿಡಿದುಕೊಂಡಿತ್ತು. ದೂರದಿಂದಲೂ ನನಗೆ ಆ ಪರದೆ ಕಾಣುತ್ತಿತ್ತು. ಅದರಲ್ಲಿ ನಾನಿರಲಿಲ್ಲ. ನನ್ನ ಸೀರೆಯ ಬಣ್ಣದ ಒಂದು ಮಬ್ಬು ಇತ್ತು, ಕಣ್ಣು ಮೂಗು ಏನೂ ಇಲ್ಲ. ಅವರು ಕುರ್ಚಿಯನ್ನು ಪ್ಲಾಸ್ಮಾದ ಮುಂದಕ್ಕೆ ಎಳೆದರು. ಆ ಕಪ್ಪು ಗಾಜಿನೊಳಗೆ ನಾನು ನೀರಿನಲ್ಲಿ ಕಂಡ ಹಾಗೆ ಪೂರ್ತಿ ಕಂಡೆ.

"ಕಣ್ಣು ಕಾಣ್ತವೆ," ಅಂದರು ಭಾವನವರು. ಯಾರಿಗೂ ಹೇಳಿದ್ದಲ್ಲ ಅದು. "ಸೆರಗಿನ ಅಂಚೂ ಕಾಣ್ತದೆ."

"ಅಪ್ಪಾ, ಅವರು ಹೇಳಿದ್ದು ಕೇಳಿಸ್ತಾ ನಿಮಗೆ? ನಮ್ಮ ಹಾಲ್‌ಗೆ ಇದು ಆಗಲ್ಲ."

"ನಮ್ಮ ಹಾಲ್‌ಗೆ ಇದೇ ಆಗೋದು."

"ಹಗಲು ಹೊತ್ತು ಒಂದು ಚಿತ್ರ ಕಾಣಲ್ಲ! ಅಮ್ಮ ಏನು ನೋಡ್ಬೇಕು? ಚಿಕ್ಕಮ್ಮ, ನೀವಾದ್ರೂ ಹೇಳಿ ಮತ್ತೆ."

ಎಲ್ಲರೂ ನನ್ನ ಕಡೆ ತಿರುಗಿದರು. ಭಾವನವರೊಬ್ಬರು ತಿರುಗಲಿಲ್ಲ. ಗಾಜಿನೊಳಗಿಂದ ನನ್ನನ್ನು ನೋಡಿದರು. ಎಂದೂ ಯಾರನ್ನೂ ಏನೂ ಕೇಳದ ಮನುಷ್ಯ ಆ ಕಣ್ಣಿನಲ್ಲಿ ನನ್ನನ್ನು ಬೇಡುತ್ತಿದ್ದರು. ನನಗೆ ಗೊತ್ತಿದೆ ಅಂತ ಅವರಿಗೆ ಗೊತ್ತಾದದ್ದು ಆ ಹೊತ್ತಿನಲ್ಲೇ ಇರಬೇಕು.

"ಅಕ್ಕಂಗೆ ಇದೇ ಚೆನ್ನಾಗಿರುತ್ತೆ ಲೋಕೇಶ," ಅಂದೆ.

ಅದು ಬಂತು. ಭಾರ ಅಂದರೆ ಭಾರ, ಸಾದಿಕ್ ಬಂದು ಕೈ ಕೊಡಬೇಕಾಯಿತು. ಒಂದು ಗಂಟೆ ಹಾಕಿದರೆ ಮುಂದೆ ನಿಂತವರಿಗೆ ಒಲೆಯ ಹತ್ತಿರ ನಿಂತ ಹಾಗಾಗುತ್ತಿತ್ತು. ಅಂಗಡಿಯವನು ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಹಗಲಿನಲ್ಲಿ ಧಾರಾವಾಹಿಯ ನಾಯಕಿಯ ಮುಖದ ಮೇಲೆ ನಮ್ಮ ಕಿಟಕಿಯ ಸರಳು ನಿಂತಿರುತ್ತಿದ್ದವು. "ಮಾವ, ಅವಳು ಅಳ್ತಿರೋದು ಗಂಡನಿಗೋ, ನಮ್ಮನೆ ಜೈಲಿಗೆ ಹಾಕಿದ್ದಕ್ಕೋ?" ಅಂತ ಸುಮಾ ರೇಗಿಸುವಳು. ಅವಳೇ ದಪ್ಪ ಪರದೆ ಹೊಲಿಸಿ ತಂದು ಕಿಟಕಿಗೆ ಹಾಕಿದಳು. ಅವಳು ಕೆಲಸಕ್ಕೆ ಹೊರಟ ಮೇಲೆ ಭಾವನವರು ಅದನ್ನು ಸರಿಸಿ ಗಂಟು ಕಟ್ಟುವರು, ಸಾಯಂಕಾಲ ಅವಳು ಬರುವ ಹೊತ್ತಿಗೆ ಬಿಚ್ಚುವರು.

ಆರಿಸಿದಾಗ ಆ ಗಾಜು ಒಂದು ಬಾವಿಯ ಹಾಗಿತ್ತು. ನನಗೆ ಹೆದರಿಕೆಯಾಗುತ್ತಿತ್ತು. ಗಾಜಿನೊಳಗಿನ ಹಾಲಿನಲ್ಲಿ ಸದ್ದಿರಲಿಲ್ಲ. ಅಲ್ಲಿಯ ಅಕ್ಕ ನಿಜವಾದ ಅಕ್ಕನಿಗಿಂತ ದೂರ, ನಿಜವಾದ ಅಕ್ಕನಿಗಿಂತ ಬೆಳ್ಳಗೆ.

ಒಂದು ದಿನ ಎಣ್ಣೆ ಹಚ್ಚಿ ತಲೆ ಬಾಚುತ್ತಿದ್ದೆ. ಅಕ್ಕ ತೊದಲುತ್ತಾ, "ಈ ಕಡೆ ತಿರುಗ್ಸು" ಅಂದಳು. ಬಲಗೆನ್ನೆ ಟೀವಿಯ ಕಡೆ ಬರುವ ಹಾಗೆ ದಿಂಬು ಸರಿಸಬೇಕಂತೆ.

"ಕಣ್ಣಿಗೆ ಬಿಸಿಲು ಹೊಡೆಯುತ್ತಲ್ಲಕ್ಕ."

"ಹೊಡೀಲಿ. ಆ ಮನುಷ್ಯ ಬಂದು ಕೂತ್ರೆ ನೋಡ್ಬೇಕಲ್ಲ."

ಭಾವನವರು ಆಗ ಕುರ್ಚಿಯಲ್ಲಿರಲಿಲ್ಲ, ಬಚ್ಚಲಲ್ಲಿದ್ದರು. ನಾನು ಬಾಚಣಿಗೆ ಕೆಳಗಿಟ್ಟೆ. "ನಿಂಗೆ ಗೊತ್ತಾ?"

"ಅವರಿಗೆ ನಾನು ಕಂಡ್ರೆ, ನಂಗೆ ಅವರು ಕಾಣಲ್ವೇನೇ ಪೆದ್ದಿ?"

"ಮತ್ತೆ ಆಣೆ?"

ನೆಟ್ಟಗಿದ್ದ ಅರ್ಧ ತುಟಿಯಲ್ಲಿ ಅಕ್ಕ ನಕ್ಕಳು. "ಗಾಜಿಗೆ ನಾನು ಆಣೆ ಇಟ್ಟಿಲ್ಲ. ಹೇಳ್ಬೇಡ ಮತ್ತೆ. ನಂಗೆ ಗೊತ್ತು ಅಂತ ಗೊತ್ತಾದ್ರೆ ನಾಚ್ಕೊಂಡು ನೋಡೋದೇ ಬಿಟ್ಬಿಡ್ತಾರೆ. ಕುಂಕುಮ ಸ್ವಲ್ಪ ದೊಡ್ಡದಿಡು."

ಹಾಗೆ ನಡೆಯಿತು ಆ ಸಂಸಾರ. ಅವರು ನೋಡುವುದು ಅವಳಿಗೆ ಗೊತ್ತು. ಅವಳಿಗೆ ಗೊತ್ತಿರುವುದು ಅವರಿಗೆ ಗೊತ್ತಿಲ್ಲ. ಇಬ್ಬರ ನಡುವೆ ಗಾಜು ಒರೆಸುವ ಕೆಲಸ ನನ್ನದು.

ಮಳೆಗಾಲದ ಒಂದು ಬೆಳಿಗ್ಗೆ ಮೋಡ ಕವಿದು ಹಾಲು ಕತ್ತಲಾಯಿತು. ಕರೆಂಟೂ ಹೋಗಿತ್ತು. ನಾನು ಅಡುಗೆಮನೆಯಲ್ಲಿ ಗಂಜಿ ಸೋಸುತ್ತಿದ್ದೆ. ಭಾವನವರು "ಏನೇ" ಅಂದದ್ದು ಕೇಳಿಸಿತು. ಯಾವಾಗಲೂ ಅಕ್ಕ ಗಂಟಲಿನಲ್ಲೇ ಒಂದು ಸದ್ದು ಮಾಡಿ ಓಗೊಡುತ್ತಿದ್ದಳು. ಅವತ್ತು ಇಲ್ಲ. "ಏನೇ, ಮಲಗಿದ್ಯಾ?" ಅಂದರು. ಗಾಜಿನಲ್ಲಿ ಅವರಿಗೆ ಏನೂ ಕಾಣುತ್ತಿರಲಿಲ್ಲ, ಅಷ್ಟು ಕತ್ತಲು. ಆಮೇಲೆ ಕುರ್ಚಿ ನೆಲಕ್ಕೆ ಉಜ್ಜಿದ ಸದ್ದು ಬಂತು.

ನಾನು ಹೊರಗೆ ಬಂದಾಗ ಅವರು ಮಂಚದ ಕಡೆ ತಿರುಗಿ ನಿಂತು ಅಕ್ಕನ ಮುಖವನ್ನು ನೇರ ನೋಡುತ್ತಿದ್ದರು. ನಾನು ಓಡಿಹೋಗಿ ಕೈ ಹಿಡಿದೆ. ಅಕ್ಕ ಹೋಗಿದ್ದಳು.

ಕರ್ಮ ಕಾರ್ಯ ಎಲ್ಲಾ ಮುಗಿದು ನೆಂಟರು ಹೊರಟ ಮೇಲೆ, ಭಾವನವರು ಕುರ್ಚಿಯಲ್ಲಿ ಕೂತು ಟೀವಿಯ ಕಡೆ ನೋಡುತ್ತಾ ಹೇಳಿದರು.

"ಕೂತ್ಕೋಮ್ಮ. ಒಂದು ಮಾತು ಕೇಳ್ತೀನಿ. ನಾನು ತಿರುಗಿದ್ದು ಮೊದಲೋ, ಅವಳು ಹೋಗಿದ್ದು ಮೊದಲೋ?"

ನಾನು ಬಾಗಿಲ ಹತ್ತಿರ ನೆಲದ ಮೇಲೆ ಕೂತೆ. "ನಾನು ಮುಟ್ಟಿದಾಗ ಅಕ್ಕನ ಕೈ ತಣ್ಣಗಿತ್ತು. ಮೊದಲೇ ಹೋಗಿದ್ದಳು."

"ಅವಳ ಕೈ ಯಾವಾಗ್ಲೂ ತಣ್ಣಗೇ ಇರ್ತಿತ್ತು."

ಅದು ನಿಜ. ನನಗೆ ಬೇರೆ ದಾರಿ ಕಾಣಲಿಲ್ಲ, ಅಕ್ಕ ಹೇಳಬೇಡ ಅಂದಿದ್ದನ್ನು ಹೇಳಿದೆ. ಅವರು ಗಾಜಿನಲ್ಲಿ ನೋಡುತ್ತಿದ್ದದ್ದು ಅವಳಿಗೆ ಗೊತ್ತಿತ್ತು ಅಂತ, ಅದಕ್ಕೇ ಒಳ್ಳೆಯ ಕೆನ್ನೆಯನ್ನು ಆ ಕಡೆ ತಿರುಗಿಸಿಕೊಳ್ಳುತ್ತಿದ್ದಳು ಅಂತ, ಗಾಜಿಗೆ ಆಣೆ ಇಟ್ಟಿಲ್ಲ ಅಂತ ನಗುತ್ತಿದ್ದಳು ಅಂತ. ಒಮ್ಮೆಗೇ ಅಷ್ಟು ಮಾತು ನಾನು ಅವರೆದುರು ಆಡಿದ್ದು ಅದೊಂದೇ ಸಲ.

ಅವರ ಮುಖದಲ್ಲಿ ಒಂದು ನಗು ಬಂದ ಹಾಗಾಯಿತು. ಗಾಜಿನಲ್ಲಿ ಕಂಡೆ. ಬಂದದ್ದು ಅಲ್ಲೇ ನಿಂತಿತು.

"ಗಾಜಿಗೆ ಇಟ್ಟಿರ್ಲಿಲ್ಲ, ಸರಿ," ಅಂದರು. "ಅವತ್ತು ನಾನು ನೋಡಿದ್ದು ಗಾಜಲ್ಲವಲ್ಲಮ್ಮ."

ಅದಾದ ಮೇಲೆ ಅವರು ಮಂಚದ ಗೋಡೆಯ ಕಡೆ ತಿರುಗಲೇ ಇಲ್ಲ. ಮಂಚ ತೆಗೆದರು. ಕುರ್ಚಿ ಕದಲಲಿಲ್ಲ. ಬೆಳಿಗ್ಗೆ ಬಿಸಿಲು ಬಂದರೆ ಕೂರುವರು, ಬಿಸಿಲು ಸರಿದರೆ ಏಳುವರು. ಬರಬರುತ್ತಾ ಅವರ ಬೆನ್ನು ಬಾಗಿತು. ಹೇಳುವವರು ಯಾರಿದ್ದರು? ನಾನು ಶಿವಮೊಗ್ಗಕ್ಕೆ ವಾಪಸು ಬಂದಿದ್ದೆ. ಆಗಾಗ ಹೋದಾಗ ಮೊದಲು ಗಾಜು ಒರೆಸುತ್ತಿದ್ದೆ.

ಒಂದು ದೀಪಾವಳಿಗೆ ಮುಂಚೆ ಮನೆಗೆ ಬಣ್ಣ ಹೊಡೆಸಲು ಲೋಕೇಶ ರಫೀಕ್ ಅನ್ನುವ ಪೇಂಟರನ್ನು ಕರೆಸಿದ. ಅವತ್ತು ನಾನೂ ಅಲ್ಲೇ ಇದ್ದೆ. ಮಂಚವಿದ್ದ ಗೋಡೆಗೆ ಬಂದಾಗ ರಫೀಕ್ ನಿಂತ. ಅಕ್ಕ ಎಣ್ಣೆ ಹಚ್ಚಿದ ತಲೆಯನ್ನು ಒರಗಿಸಿ ಒರಗಿಸಿ, ಗೋಡೆಯಲ್ಲಿ ಒಂದು ಗುಂಡನೆಯ ಕಪ್ಪು ಕಲೆ ಕೂತಿತ್ತು.

"ಇದು ಸುಮ್ನೆ ಹೋಗಲ್ಲಕ್ಕಾ," ಅಂದ ಸುಮಾಗೆ. "ಕೆರೆದು, ಲಪ್ಪ ಮೆತ್ತಿ ನುಣ್ಣಗೆ ಮಾಡಿ, ಮೇಲೆ ಎರಡು ಕೋಟ್ ಹೊಡೀಬೇಕು."

"ಕೆರೆದ್ಬಿಡು, ನೋಡೋಕಾಗಲ್ಲ."

ಭಾವನವರು ಕುರ್ಚಿಯಲ್ಲಿದ್ದರು. ಬೇಡ ಅನ್ನುವ ಹಕ್ಕು ತಮಗಿಲ್ಲ ಅಂದುಕೊಂಡಿದ್ದರೇನೋ. ರಫೀಕ್ ಕೆರೆಯುವ ತಗಡು ಎತ್ತಿದ. ಗಾಜಿನಲ್ಲಿ ಆ ತಗಡು ನೇರ ಅಕ್ಕನ ಮುಖವಿರುತ್ತಿದ್ದ ಜಾಗಕ್ಕೆ ಹೋಯಿತು. ಭಾವನವರು ಕಣ್ಣು ಮುಚ್ಚಿಕೊಂಡರು.

"ರಫೀಕ್, ಅಷ್ಟು ಬಿಟ್ಬಿಡಪ್ಪ," ಅಂದೆ.

"ಅಯ್ಯೋ ಅಮ್ಮಾ, ಮದುಮಗನಿಗೆ ಸೂಟು ಹಾಕಿ ಮುಖಕ್ಕೆ ಮಸಿ ಬಿಟ್ಟಂಗಾಗುತ್ತೆ. ನೋಡಿದೋರು ಬೈಯೋದು ನನಗೆ."

"ನನ್ನ ಹೆಸರು ಹೇಳು. ಆ ಮನೆ ಮುದುಕಿ ಬಿಡಿಸಿದಳು ಅನ್ನು."

"ಚಿಕ್ಕಮ್ಮ, ಹಬ್ಬಕ್ಕೆ ಜನ ಬರ್ತಾರೆ..." ಅಂತ ಸುಮಾ ಶುರುಮಾಡಿದಳು. ಅಷ್ಟರಲ್ಲಿ ಲೋಕೇಶ ಅಪ್ಪನ ಮುಚ್ಚಿದ ಕಣ್ಣು ನೋಡಿದ. ಟೀವಿ ನೋಡಿದ. ತಿರುಗಿ ಗೋಡೆ ನೋಡಿದ. ಅಂಗಡಿಯಲ್ಲಿ ಜಗಳಾಡಿದ್ದ ಮಗನಿಗೆ ಅಷ್ಟು ವರ್ಷದ ಮೇಲೆ ಆಗ ತಿಳಿಯಿತು.

"ಬಿಡು ರಫೀಕ್," ಅಂದ. "ಸುತ್ತ ಹೊಡಿ."

ಕಲೆ ಉಳಿಯಿತು. ಸುತ್ತ ಹೊಸ ಹಳದಿ ಬಣ್ಣ, ನಡುವೆ ಅದು. ಕೆಲವು ವರ್ಷ ಕಳೆದು ಟೀವಿಯಲ್ಲಿ ಹಸಿರು ಗೆರೆ ಬಂದು ಚಿತ್ರ ನಿಂತಿತು. ಅದರ ಸಾಮಾನು ಈಗ ಸಿಗುವುದೇ ಇಲ್ಲ, ಗುಜರಿಗೆ ಹಾಕಿ ಅಂತ ರಿಪೇರಿಯವರು ಹೇಳಿ ಹೋದರು. ಲೋಕೇಶ ಒಳಗಿನ ಕೋಣೆಗೆ ಬೇರೆ ಟೀವಿ ತಂದ. ಹಾಲಿನದನ್ನು ಮುಟ್ಟಲಿಲ್ಲ. ನೀವು ಚಿಕ್ಕವರಾಗಿದ್ದಾಗಿನಿಂದ ಕಂಡದ್ದು ಅದನ್ನೇ, ಅದರ ಮುಂದಿನ ಅವರನ್ನೇ.

ಈಗ ಮಣ್ಣಿನ ದಿನದ ಮಾತು. ಎಲ್ಲರೂ ಅಂಗಳದಲ್ಲಿ ಊಟಕ್ಕೆ ಕೂತಿದ್ದರು. ಹಾಲಿನಲ್ಲಿ ಯಾರೂ ಇರಲಿಲ್ಲ. ಬಿಸಿಲು ಬಂದಿತ್ತು. ಗಾಜಿನ ಮೇಲೆ ಧೂಳು ಕಂಡು ಒರೆಸಿದೆ. ಆಮೇಲೆ ಏನನ್ನಿಸಿತೋ, ಹೋಗಿ ಭಾವನವರ ಕುರ್ಚಿಯಲ್ಲಿ ಕೂತೆ. ಅದರಲ್ಲಿ ನಾನು ಒಂದು ದಿನವೂ ಕೂತವಳಲ್ಲ.

ಮಂಚದ ಹತ್ತಿರದಿಂದ, ಅಡುಗೆಮನೆ ಬಾಗಿಲಿನಿಂದ, ಎಲ್ಲೆಲ್ಲಿಂದಲೋ ಆ ಗಾಜು ನೋಡಿದ್ದೆ. ಕುರ್ಚಿಯಿಂದ ನೋಡಿರಲಿಲ್ಲ. ಕುರ್ಚಿಯಿಂದ ಮೊದಲು ಕಾಣುವುದು ನಮ್ಮದೇ ಮುಖ. ಅದರ ಪಕ್ಕದಲ್ಲಿ, ಭುಜಕ್ಕೆ ತಾಗಿದ ಹಾಗೆ, ಗೋಡೆಯ ಆ ಜಾಗ. ಇಷ್ಟು ವರ್ಷ ಅವರು ಅವಳೊಬ್ಬಳನ್ನೇ ನೋಡುತ್ತಿದ್ದಾರೆ ಅಂದುಕೊಂಡಿದ್ದೆ. ಅವರು ನೋಡುತ್ತಿದ್ದದ್ದು ಇಬ್ಬರನ್ನೂ. ಸ್ಟುಡಿಯೋದಲ್ಲಿ ಕೂರಿಸಿ ತೆಗೆದ ಹಾಗೆ, ಅಕ್ಕಪಕ್ಕ.

ನನ್ನ ಭುಜದ ಪಕ್ಕದಲ್ಲಿ ಆ ಗುಂಡನೆಯ ಕಪ್ಪು ಇತ್ತು. ನೋಡುತ್ತಾ ನೋಡುತ್ತಾ ಅದಕ್ಕೆ ಕೆನ್ನೆ ಬಂತು. ಒಳ್ಳೆಯ ಕೆನ್ನೆ. ಸ್ವಲ್ಪ ದೊಡ್ಡದಾದ ಕುಂಕುಮ ಬಂತು. ಬಿಸಿಲು ಕಣ್ಣಿಗೆ ಹೊಡೆದದ್ದಕ್ಕೆ ಹಾಗಾಯಿತು ಅಂತ ನೀವು ಹೇಳಬಹುದು, ನಾನು ಇಲ್ಲ ಅನ್ನುವುದಿಲ್ಲ. ನನ್ನ ಬೆನ್ನು ತಾನಾಗೇ ನೆಟ್ಟಗಾಯಿತು.

ನೀವಿಬ್ಬರೂ ಬಾಗಿಲಲ್ಲಿ ನಿಂತು, "ಅಜ್ಜೀ, ಬಸ್ಸಿಗೆ ಹೊತ್ತಾಯ್ತು" ಅಂತ ಕರೆದಿರಿ. ತಿರುಗಿದರೆ ಅಲ್ಲಿ ಗೋಡೆಯಿರುತ್ತದೆ ಅಂತ ನನಗೆ ಗೊತ್ತಿತ್ತು.

"ಬಂದೆ," ಅಂದೆ. ಎದ್ದು, ಗಾಜನ್ನೇ ನೋಡಿಕೊಂಡು, ಒಂದೊಂದೇ ಹೆಜ್ಜೆ ಹಿಂದಕ್ಕೆ ಇಡುತ್ತಾ ಬಾಗಿಲಿನ ತನಕ ಬಂದೆ.